ಕೇಳಿದ್ದು ಓದಿದ್ದಾಗುವುದಿಲ್ಲ

ಕಳೆದ ತಿಂಗಳು ನಮ್ಮ ಕಾಲೇಜಿನ ಕನ್ನಡ ಸಂಘ ನಡೆಸಿದ ಪುಸ್ತಕ ವಿಮರ್ಶೆ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ನಾನು ಮಾತನಾಡಿದ್ದು ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಬಗ್ಗೆ. ಐದು ನಿಮಿಷ ಮಾತಾಡಿದೆ, ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ ಚಪ್ಪಾಳೆಯೂ ಜೋರಾಗಿಯೇ ಬಿತ್ತು. ತೊಂದರೆ ಇದ್ದದ್ದು ಒಂದೇ. ನಾನು ಆ ಪುಸ್ತಕವನ್ನು ಓದಿರಲಿಲ್ಲ.

ಓದದೆ ಐದು ನಿಮಿಷ ಮಾತನಾಡುವುದು ಹೇಗೆ ಎಂದು ನೀವು ಕೇಳಬಹುದು. ಬಹಳ ಸುಲಭ. ಕಾಲೇಜಿಗೆ ಬರುವ ಬಸ್ಸಿನಲ್ಲಿ ನನಗೆ ದಿನಕ್ಕೆ ಒಂದೂವರೆ ಗಂಟೆ ಸಿಗುತ್ತದೆ. ಆ ಪುಸ್ತಕದ ಮೇಲಿನ ನಾಲ್ಕೈದು ಪಾಡ್‌ಕಾಸ್ಟ್‌ಗಳನ್ನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸ್ವಲ್ಪ ವೇಗವಾಗಿ ಓಡಿಸಿ ಕೇಳಿದೆ. ಒಬ್ಬರ ಆರಂಭ, ಇನ್ನೊಬ್ಬರ ಮಧ್ಯಭಾಗ, ಮತ್ತೊಬ್ಬರ ತೀರ್ಪು ತೆಗೆದುಕೊಂಡು ನನ್ನ ಮಾತಿನಲ್ಲಿ ಹೊಲಿದೆ. ಅಷ್ಟೇ.

ಬಹುಮಾನ ಬಂದ ಮರುದಿನ ಲೈಬ್ರರಿ ಮೇಡಂ ನನ್ನನ್ನು ಕರೆದರು. ಬೈಯಲಿಲ್ಲ. ಕಪಾಟಿನಿಂದ 'ಹಾರ್ಟ್ ಲ್ಯಾಂಪ್' ತೆಗೆದು, ಹಿಂದಿನ ಪುಟದಲ್ಲಿ ಅಂಟಿಸಿರುವ ದಿನಾಂಕದ ಚೀಟಿಯನ್ನು ತೋರಿಸಿದರು. ಅದರಲ್ಲಿ ಒಂದು ಸೀಲೂ ಇರಲಿಲ್ಲ. "ಚೆನ್ನಾಗಿ ಮಾತಾಡಿದೆ. ನಿನ್ನ ಹತ್ತಿರ ಸ್ವಂತ ಪ್ರತಿ ಇದೆಯಾ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಮೇಡಂ ಮತ್ತೇನೂ ಹೇಳದೆ ಆ ಚೀಟಿಯ ಮೇಲೆ ಮೊದಲನೇ ಸೀಲ್ ಒತ್ತಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಈ ಲೇಖನ ಆ ಚೀಟಿಯ ಬಗ್ಗೆ. ಜೊತೆಗೆ, ನಾವು ಇತ್ತೀಚೆಗೆ ಪುಸ್ತಕಗಳನ್ನು ಕಿವಿಯಲ್ಲೇ ಓದಿ ಮುಗಿಸುತ್ತಿರುವ ರೀತಿಯ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾಡ್‌ಕಾಸ್ಟ್ ವಿರೋಧಿಯಲ್ಲ. ನನಗೆ ಪುಸ್ತಕ ವಿಮರ್ಶೆ ಎಂದರೇನು ಎಂದು ಗೊತ್ತಾದದ್ದೇ ಪಾಡ್‌ಕಾಸ್ಟ್‌ನಿಂದ. ಪ್ರಥಮ ಪಿಯುಸಿಯಲ್ಲಿ ಇಂಗ್ಲಿಷ್ ಸರ್, "ಭಾಷೆ ಕಿವಿಗೆ ಬೀಳಬೇಕು, ದಿನಾ ಏನಾದರೂ ಕೇಳಿ" ಎಂದು ಹೇಳಿ ಕೆಲವು ಹೆಸರುಗಳನ್ನು ಬೋರ್ಡಿನ ಮೇಲೆ ಬರೆದಿದ್ದರು. ಅದರಲ್ಲಿ 'ಫ್ರೆಶ್ ಏರ್' ಒಂದು. ಅಮೆರಿಕದ ಫಿಲಡೆಲ್ಫಿಯಾದ ಒಂದು ಸಾರ್ವಜನಿಕ ರೇಡಿಯೋ ಕೇಂದ್ರದಿಂದ ಬರುವ ಕಾರ್ಯಕ್ರಮ ಅದು. ಟೆರ್ರಿ ಗ್ರಾಸ್ ಎಂಬವರು 1975ರಿಂದ ಅದನ್ನು ನಡೆಸಿಕೊಂಡು ಬರುತ್ತಿದ್ದಾರೆ. 1987ರಿಂದ ಅದು ದಿನವೂ ಇಡೀ ದೇಶಕ್ಕೆ ಪ್ರಸಾರವಾಗುತ್ತಿದೆ. ಈಗ ಪಾಡ್‌ಕಾಸ್ಟ್ ರೂಪದಲ್ಲಿ ನಮ್ಮ ಊರಿನ ಬಸ್ಸಿಗೂ ಬಂದಿದೆ. ಅದರ ಪುಸ್ತಕ ವಿಮರ್ಶಕಿ ಮೊರೀನ್ ಕೊರಿಗನ್. 1989ರಿಂದ ಅವರದ್ದು ಇದೇ ಕೆಲಸ. ಹೊಸ ಕಾದಂಬರಿ, ಹೊಸ ಆತ್ಮಕಥನ ಓದುವುದು, ಕೆಲವೇ ನಿಮಿಷಗಳಲ್ಲಿ ಅದರ ಬಗ್ಗೆ ಮಾತನಾಡುವುದು. ಅದರ ಜೊತೆಗೆ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡುತ್ತಾರೆ.

ಅವರ ಮಾತಿನಲ್ಲಿ ನನಗೆ ಇಷ್ಟವಾದದ್ದು ಗಡಿಬಿಡಿ ಇಲ್ಲದಿರುವುದು. ಪುಸ್ತಕ ಯಾವುದು, ಬರೆದವರು ಹಿಂದೆ ಏನು ಬರೆದಿದ್ದಾರೆ, ಈ ಕತೆ ಎಲ್ಲಿ ನಡೆಯುತ್ತದೆ ಎಂದು ಹೇಳುತ್ತಾರೆ. ಕತೆಯ ಅರ್ಧಕ್ಕೆ ಬರುವ ಮೊದಲೇ ನಿಲ್ಲಿಸುತ್ತಾರೆ. ನಡುವೆ ಪುಸ್ತಕದ ಒಂದು ಭಾಗವನ್ನು ಓದಿ ಹೇಳುತ್ತಾರೆ. ಆಗ ಕೇಳುವವರಿಗೆ ವಿಮರ್ಶಕಿಯ ದನಿಯ ಜೊತೆಗೆ ಲೇಖಕರ ದನಿಯೂ ಸಿಗುತ್ತದೆ. ಕೊನೆಯಲ್ಲಿ ತಮಗೆ ಏನು ಅನಿಸಿತು ಎಂದು ಹೇಳುತ್ತಾರೆ. ಕೇಳಲು ಇದು ಬಹಳ ಸರಳ. ಅದಕ್ಕೇ ನಾನು ಮೋಸ ಹೋದೆ. ಇಷ್ಟು ಸರಳವಾಗಿ ಹೇಳುವುದಾದರೆ ಇಷ್ಟೇ ಸಾಕಲ್ಲ ಎಂದುಕೊಂಡೆ.

ಆದರೆ ಆ ಕೆಲವು ನಿಮಿಷಗಳ ಹಿಂದೆ ಏನಿದೆ ಎಂದು ಆಮೇಲೆ ತಿಳಿಯಿತು. ಎರಡು ಸಂಗತಿ ಹೇಳುತ್ತೇನೆ.

ಒಂದು, 2012ರ ಪುಲಿಟ್ಜರ್ ಪ್ರಶಸ್ತಿಯದ್ದು. ಆ ವರ್ಷ ಕಾದಂಬರಿ ವಿಭಾಗದ ಮೂವರು ತೀರ್ಪುಗಾರರಲ್ಲಿ ಕೊರಿಗನ್ ಒಬ್ಬರು. ಮೂವರ ಮುಂದೆ ಸುಮಾರು 300 ಪುಸ್ತಕಗಳು ಬಂದವು. ಅಷ್ಟನ್ನೂ ಜಾಲಾಡಿ, ಚರ್ಚೆ ಮಾಡಿ ಮೂರು ಪುಸ್ತಕಗಳನ್ನು ಅಂತಿಮ ಸುತ್ತಿಗೆ ಕಳುಹಿಸಿದರು. ನಿಯಮದ ಪ್ರಕಾರ ಕೊನೆಯ ಮಾತು ಪ್ರಶಸ್ತಿ ಮಂಡಳಿಯದ್ದು. ಮಂಡಳಿಯಲ್ಲಿ ಯಾವ ಪುಸ್ತಕಕ್ಕೂ ಬಹುಮತ ಬರಲಿಲ್ಲ. ಆ ವರ್ಷ ಕಾದಂಬರಿಗೆ ಪ್ರಶಸ್ತಿಯನ್ನೇ ಕೊಡಲಿಲ್ಲ. 1977ರ ನಂತರ ಹಾಗೆ ಆದದ್ದು ಅದೇ ಮೊದಲು. ಕೊರಿಗನ್ ಸುಮ್ಮನಿರಲಿಲ್ಲ, ಪತ್ರಿಕೆಯಲ್ಲಿ ಬಹಿರಂಗವಾಗಿ ಬೇಸರ ತೋಡಿಕೊಂಡರು. ತಿಂಗಳುಗಟ್ಟಲೆ ಓದಿದವರಿಗೆ ಮಾತ್ರ ಅಂಥ ಕೋಪ ಬರುತ್ತದೆ. ನನ್ನ ಬಹುಮಾನವನ್ನು ಯಾರಾದರೂ ರದ್ದು ಮಾಡಿದ್ದರೆ ನನಗೆ ನಾಚಿಕೆ ಆಗುತ್ತಿತ್ತೇ ಹೊರತು ಕೋಪ ಬರುತ್ತಿರಲಿಲ್ಲ.

ಎರಡನೆಯದು 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯದ್ದು. ಅದರ ಬಗ್ಗೆಯೇ ಕೊರಿಗನ್ 2014ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಆದರೆ ಹೈಸ್ಕೂಲಿನಲ್ಲಿ ಮೊದಲ ಸಲ ಓದಿದಾಗ ಅದು ಅವರಿಗೆ ಬೋರಾಗಿತ್ತಂತೆ. ಶ್ರೀಮಂತರ ಕತೆ, ನನಗೇನು ಎಂದುಕೊಂಡಿದ್ದರಂತೆ. ಅವರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಅದನ್ನು ಐವತ್ತಕ್ಕೂ ಹೆಚ್ಚು ಸಲ ಓದಿದರು. ಪಠ್ಯದಲ್ಲಿರುವ ಕತೆಯನ್ನು ಒಂದು ಸಲ ಓದಿ, ಪ್ರಶ್ನೋತ್ತರ ಬಾಯಿಪಾಠ ಮಾಡಿ, "ಆ ಪಾಠ ಚಪ್ಪೆ" ಎಂದು ತೀರ್ಪು ಕೊಡುವ ನಮಗೆ ಇದು ಯೋಚಿಸಬೇಕಾದ ವಿಷಯ. ಅಭಿಪ್ರಾಯ ಬದಲಾಗಬೇಕಾದರೆ ಪುಸ್ತಕದ ಹತ್ತಿರ ಮತ್ತೆ ಹೋಗಬೇಕು. ಕೇಳಿದ ಅಭಿಪ್ರಾಯ ಬದಲಾಗುವುದಿಲ್ಲ. ಅದು ನಮ್ಮದಲ್ಲವಲ್ಲ, ಬದಲಾಯಿಸುವ ಅಧಿಕಾರ ನಮಗೆಲ್ಲಿದೆ?

ಹೊಗಳಿಕೆಯನ್ನು ನಂಬಿ ಪುಸ್ತಕವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಜೇಮ್ಸ್ ಫ್ರೇ ಎಂಬವರು 2003ರಲ್ಲಿ 'ಎ ಮಿಲಿಯನ್ ಲಿಟಲ್ ಪೀಸಸ್' ಎಂಬ ಪುಸ್ತಕ ಪ್ರಕಟಿಸಿದರು. ಮಾದಕ ವ್ಯಸನದಿಂದ ಹೊರಬಂದ ತನ್ನದೇ ಕತೆ ಎಂದರು. 2005ರಲ್ಲಿ ಓಪ್ರಾ ವಿನ್‌ಫ್ರೀ ತಮ್ಮ ಟಿವಿ ಕಾರ್ಯಕ್ರಮದ ಪುಸ್ತಕ ಬಳಗಕ್ಕೆ ಅದನ್ನು ಆರಿಸಿದ ಮೇಲೆ ಲಕ್ಷ ಲಕ್ಷ ಪ್ರತಿ ಮಾರಾಟವಾಯಿತು. 2006ರ ಜನವರಿಯಲ್ಲಿ ಒಂದು ಜಾಲತಾಣ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿ, ಅದರಲ್ಲಿ ಎಷ್ಟೋ ಘಟನೆಗಳು ಕಟ್ಟುಕತೆ ಅಥವಾ ಉಬ್ಬಿಸಿ ಹೇಳಿದವು ಎಂದು ತೋರಿಸಿತು. ಅದೇ ತಿಂಗಳು ಓಪ್ರಾ ಆ ಲೇಖಕರನ್ನು ಅದೇ ಕಾರ್ಯಕ್ರಮಕ್ಕೆ ಕರೆದು ಎಲ್ಲರ ಎದುರು ಪ್ರಶ್ನಿಸಿದರು. ಪ್ರಕಾಶಕರು ಓದುಗರಿಗೆ ಹಣ ಮರಳಿಸಲು ಒಪ್ಪಬೇಕಾಯಿತು.

ಇದರಲ್ಲಿ ಪಾಠ ಏನು? ಕಾದಂಬರಿಯನ್ನು ನೋಡುವಾಗ ಇದು ನಿಜವಾಗಿ ನಡೆದದ್ದಾ ಎಂದು ಯಾರೂ ಕೇಳಬೇಕಿಲ್ಲ, ನಂಬುವ ಹಾಗಿದೆಯಾ ಎಂದು ಕೇಳಿದರೆ ಸಾಕು. ಆತ್ಮಕಥನದಲ್ಲಿ ಎರಡನ್ನೂ ಕೇಳಬೇಕು. ಬರೆದವರು ತಮ್ಮ ತಪ್ಪನ್ನು ಹೇಳಿಕೊಂಡಿದ್ದಾರಾ, ಇತರರ ಮಾತನ್ನು ಅವರ ಬಾಯಿಗೆ ತುರುಕಿದ್ದಾರಾ ಎಂದೂ ನೋಡಬೇಕು. ಇದನ್ನು ಕೇಳುವವರೇ ವಿಮರ್ಶಕರು. "ಎಲ್ಲರೂ ಓದಲೇಬೇಕಾದ ಕೃತಿ" ಎಂದು ಹೇಳಿ ಇಳಿದು ಹೋಗುವುದಕ್ಕೆ ವಿಮರ್ಶಕರು ಬೇಕಿಲ್ಲ, ಜಾಹೀರಾತು ಸಾಕು. ನಮ್ಮ ಕಡೆ ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಕೇಳಿಬರುವ ಭಾಷಣಗಳನ್ನು ನೆನಪಿಸಿಕೊಳ್ಳಿ. ಎಷ್ಟು ಜನ ಪುಸ್ತಕದ ಒಂದು ಪುಟದ ಸಂಖ್ಯೆ ಹೇಳಿ ಮಾತನಾಡುತ್ತಾರೆ?

ಈಗ ನನ್ನ ಪುಸ್ತಕಕ್ಕೆ ಬರುತ್ತೇನೆ. ಸೀಲ್ ಬಿದ್ದ ಆ ಪ್ರತಿಯನ್ನು ಮನೆಗೆ ತೆಗೆದುಕೊಂಡು ಹೋಗಿ ಓದಿದೆ. ನನ್ನ ಭಾಷಣದಲ್ಲಿ ಹೇಳಿದ ಮಾಹಿತಿ ತಪ್ಪೇನಿರಲಿಲ್ಲ. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆರಿಸಿದ 12 ಕತೆಗಳು. ಹಾಸನದ ವಕೀಲೆ, ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು, ಬರೆದದ್ದು ಕನ್ನಡದಲ್ಲಿ. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲ ಸಲ, ಕಥಾಸಂಕಲನವೊಂದಕ್ಕೂ ಮೊದಲ ಸಲ. 50,000 ಪೌಂಡ್ ಬಹುಮಾನವನ್ನು ಲೇಖಕಿ, ಅನುವಾದಕಿ ಸಮನಾಗಿ ಹಂಚಿಕೊಳ್ಳುತ್ತಾರೆ. ಇಷ್ಟನ್ನೂ ಗಡಗಡ ಹೇಳಿದ್ದೆ.

ನನಗೆ ಗೊತ್ತಿಲ್ಲದೆ ಹೋದದ್ದು ಬೇರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಬೇರೆ ಭಾಷೆಯ ಪದ ಬಂದರೆ ಅದನ್ನು ಓರೆ ಅಕ್ಷರದಲ್ಲಿ ಹಾಕುವುದು ರೂಢಿ, ಇದು ಹೊರಗಿನದು ಎಂದು ಬೆರಳು ತೋರಿಸಿದ ಹಾಗೆ. ದೀಪಾ ಭಾಸ್ತಿ ಹಾಗೆ ಮಾಡಲು ಒಪ್ಪಲಿಲ್ಲ. ಕನ್ನಡ, ಉರ್ದು, ಅರಬಿ ಪದಗಳು ಉಳಿದ ಪದಗಳ ಸಾಲಿನಲ್ಲೇ, ಅದೇ ನೇರ ಅಕ್ಷರದಲ್ಲಿ ನಿಂತಿವೆ. ಕಾರಣವನ್ನೂ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಾಲೇಜಿನಲ್ಲಿ ಇಂಗ್ಲಿಷಿಗೆ ತಿಣುಕುವ ನನ್ನಂಥವರಿಗೆ ಅದು ಸಣ್ಣ ವಿಷಯವಲ್ಲ. ನಮ್ಮ ಮಾತು ಆ ಪುಟದಲ್ಲಿ ತಲೆ ಬಾಗಿಸದೆ ನಿಂತಿದೆ. ಇದನ್ನು ಪಾಡ್‌ಕಾಸ್ಟಿನಲ್ಲಿ ಯಾರಾದರೂ ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ಕಿವಿಗೆ ಓರೆ ಅಕ್ಷರವೂ ಒಂದೇ, ನೇರ ಅಕ್ಷರವೂ ಒಂದೇ. ಅದು ಕಣ್ಣಿಗೆ ಮಾತ್ರ ಕಾಣುತ್ತದೆ.

ಇನ್ನೊಂದು ಸಂಗತಿ ಮನೆಯಲ್ಲಿ ಆಯಿತು. 'ಎದೆಯ ಹಣತೆ' ಕತೆಯ ಕನ್ನಡ ಮೂಲ ಸಿಕ್ಕಿತು. ಅದನ್ನು ಒಂದು ರಾತ್ರಿ ಉಮ್ಮನಿಗೆ ಓದಿ ಹೇಳಿದೆ. ಉಮ್ಮ ಓದಿದ್ದು ನಾಲ್ಕನೇ ಕ್ಲಾಸು. ಬೀಡಿ ಸುತ್ತುತ್ತಾ ಕೇಳುತ್ತಿದ್ದರು. ಗಂಡನಿಂದ ನೊಂದ ಮೆಹರುನ್ ಎಂಬ ಹೆಂಗಸು ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ವಾಪಸ್ಸು ಕರೆದುಕೊಂಡು ಹೋಗುತ್ತಾರೆ. ಆ ಭಾಗ ಬಂದಾಗ ಉಮ್ಮನ ಕೈ ನಿಂತಿತು. "ಅದನ್ನು ಇನ್ನೊಮ್ಮೆ ಓದು" ಎಂದರು. ಓದಿದೆ. ಕತೆ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. (ಕೊನೆಯಲ್ಲಿ ಏನಾಗುತ್ತದೆ ಎಂದು ಇಲ್ಲಿ ಹೇಳುವುದಿಲ್ಲ. ಓದಿ.)

ಆಮೇಲೆ ಉಮ್ಮ ಹೇಳಿದ್ದು ಇಷ್ಟು: "ಇದು ಸುಳ್ಳಲ್ಲ, ನಾನು ಕಂಡಿದ್ದೇನೆ. ಆದರೆ ನಿನ್ನ ಚಿಕ್ಕಮ್ಮ ಹೀಗೇ ಬಂದಾಗ ನಿನ್ನ ಮಾವ ಅವಳನ್ನು ವಾಪಸ್ಸು ಕಳುಹಿಸಲಿಲ್ಲ. ಊರವರು ಎಷ್ಟು ಹೇಳಿದರೂ ಕಳುಹಿಸಲಿಲ್ಲ. ಅಂಥವರೂ ಇದ್ದಾರೆ. ಅದನ್ನು ಯಾರು ಬರೆಯುತ್ತಾರೆ?"

ನಾನು ಕೇಳಿದ ಯಾವ ಪಾಡ್‌ಕಾಸ್ಟಿನಲ್ಲೂ ಇಷ್ಟು ನೇರವಾದ ವಿಮರ್ಶೆ ಇರಲಿಲ್ಲ. ಕತೆಯನ್ನು ಒಪ್ಪಿಕೊಂಡರು, ಅದರ ಬಲವನ್ನು ತನ್ನ ಬದುಕಿನಿಂದ ಅಳೆದರು, ಅದರಲ್ಲಿ ಇಲ್ಲದ್ದು ಏನು ಎಂದೂ ಹೇಳಿದರು. ಕತೆಗಾರ್ತಿ ಎಲ್ಲವನ್ನೂ ಬರೆಯಬೇಕಿಲ್ಲ ಎಂದು ನಾನು ವಾದಿಸಬಹುದಿತ್ತು. ಆದರೆ ಆ ವಾದ ಶುರುವಾಗಬೇಕಾದರೂ ಇಬ್ಬರೂ ಕತೆಯನ್ನು ಪೂರ್ತಿ ಕೇಳಿರಬೇಕಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈ ಪುಸ್ತಕದ ಬಗ್ಗೆ ನಮ್ಮ ಕಾಲೇಜಿನ ವರಾಂಡದಲ್ಲಿ ಎರಡು ಮಾತು ಓಡಾಡಿವೆ. ಒಂದು ಗುಂಪು, "ನಮ್ಮವರಿಗೆ ಜಗತ್ತಿನ ಬಹುಮಾನ ಬಂತು" ಎಂದು ಹೆಮ್ಮೆಪಟ್ಟು ಸ್ಟೇಟಸ್ ಹಾಕಿತು. ಇನ್ನೊಂದು ಗುಂಪು, "ನಮ್ಮ ಮನೆಯ ಮಾತನ್ನು ಹೊರಗೆ ಹಾಕಿ ನಮ್ಮ ಮಾನ ಕಳೆದರು" ಎಂದು ಸಿಟ್ಟಾಯಿತು. ಊಟದ ಬಿಡುವಿನಲ್ಲಿ ಜೋರು ವಾದವೂ ಆಯಿತು. ಆದರೆ ಲೈಬ್ರರಿಯ ಚೀಟಿ ಖಾಲಿ ಇತ್ತು. ಹೆಮ್ಮೆಪಟ್ಟವರೂ ಓದಿರಲಿಲ್ಲ, ಸಿಟ್ಟಾದವರೂ ಓದಿರಲಿಲ್ಲ. ಬೇರೆಯವರು ಹೊರಗಡೆ ನಮ್ಮ ಬಗ್ಗೆ ಏನನ್ನೂ ತಿಳಿಯದೆ ಮಾತನಾಡಿದರೆ ನಮಗೆ ಎಷ್ಟು ನೋವಾಗುತ್ತದೆ? ಹಾಗಿರುವಾಗ ನಮ್ಮವರೇ ಬರೆದ ಪುಸ್ತಕದ ಬಗ್ಗೆ ತಿಳಿಯದೆ ತೀರ್ಪು ಕೊಡುವುದು ಯಾವ ನ್ಯಾಯ? ಹೊಗಳಿದರೂ ಅದು ಅನ್ಯಾಯವೇ. ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ಉಮ್ಮನೂ ಪೂರ್ತಿ ಒಪ್ಪಲಿಲ್ಲ. ಆದರೆ ಆ ಹಕ್ಕು ಬರುವುದು ಕೊನೆಯ ಪುಟ ತಿರುವಿದ ಮೇಲೆ.

ಈ ಲೇಖನದ ವಿಷಯ ಹೇಳಿದಾಗ ನನ್ನ ಗೆಳತಿಯೊಬ್ಬಳು ಒಪ್ಪಲಿಲ್ಲ. ಅವಳು ವಿಜ್ಞಾನ ವಿಭಾಗದವಳು. "ನೀಟ್, ಸಿಇಟಿ, ಟ್ಯೂಷನ್ ನಡುವೆ ಇನ್ನೂರು ಪುಟ ಓದುವವರು ಯಾರು? ಪಾಡ್‌ಕಾಸ್ಟ್ ಇಲ್ಲದಿದ್ದರೆ ಆ ಪುಸ್ತಕದ ಹೆಸರೂ ನನಗೆ ಗೊತ್ತಾಗುತ್ತಿರಲಿಲ್ಲ" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ದೃಷ್ಟಿದೋಷವಿರುವ ಸಹಪಾಠಿಗಳಿಗೆ ಕಿವಿಯೇ ಪುಸ್ತಕ, ಅದೂ ಸತ್ಯ. ಕೇಳಿ ಕಲಿಯುವುದು ನಮಗೆ ಹೊಸದೂ ಅಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ.

ಆದರೆ ಇಡೀ ಪುಸ್ತಕವನ್ನು ಕೇಳುವುದು ಬೇರೆ, ಪುಸ್ತಕದ ಬಗ್ಗೆ ಕೇಳುವುದು ಬೇರೆ. ಉಮ್ಮ ಮಾಡಿದ್ದು ಮೊದಲನೆಯದು, ನಾನು ಮಾಡಿದ್ದು ಎರಡನೆಯದು. ಮದುವೆಗೆ ಹೋಗಿ ಬಂದವರು ಬಿರಿಯಾನಿ ಹೇಗಿತ್ತು ಎಂದು ವರ್ಣಿಸಿದರೆ ನಮ್ಮ ಹೊಟ್ಟೆ ತುಂಬುವುದಿಲ್ಲ. ಹೆಚ್ಚೆಂದರೆ ಹಸಿವಾಗುತ್ತದೆ. ಒಳ್ಳೆಯ ವಿಮರ್ಶೆಯ ಕೆಲಸವೂ ಅದೇ, ಹಸಿವು ಹುಟ್ಟಿಸುವುದು. ಅದನ್ನೇ ಊಟ ಎಂದುಕೊಂಡು ಕೈ ತೊಳೆದುಕೊಂಡದ್ದು ನನ್ನ ತಪ್ಪು, ಪಾಡ್‌ಕಾಸ್ಟಿನದ್ದಲ್ಲ. ಸಮಯದ ಬಗ್ಗೆ ಹೇಳುವುದಾದರೆ, ಆ ಪುಸ್ತಕದ ಒಂದು ಕತೆಗೆ ಬೇಕಾದದ್ದು ಒಂದು ದಿನದ ಬಸ್ ಪ್ರಯಾಣ. ಹನ್ನೆರಡು ಕತೆಗೆ ಎರಡು ವಾರ.

ವಿಮರ್ಶಕರನ್ನು ಕೇಳುವಾಗ ಇನ್ನೊಂದು ಎಚ್ಚರವೂ ಬೇಕು. ಅವರು ಎಲ್ಲಿ ನಿಂತು ಮಾತನಾಡುತ್ತಿದ್ದಾರೆ ಎಂದು ನೋಡಬೇಕು. ಕೊರಿಗನ್ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ದುಡಿಯುವ ವರ್ಗದ ಐರಿಷ್ ಮೂಲದ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಅಪ್ಪ ರೆಫ್ರಿಜರೇಟರ್ ರಿಪೇರಿ ಕೆಲಸದವರು. ದಿನವೂ ಕೆಲಸದಿಂದ ಬಂದು ಪುಸ್ತಕ ಹಿಡಿಯುತ್ತಿದ್ದರಂತೆ. ಇದನ್ನೆಲ್ಲ ಅವರು 2005ರಲ್ಲಿ ಪ್ರಕಟವಾದ ತಮ್ಮ ಓದಿನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಪತ್ತೇದಾರಿ ಕಾದಂಬರಿ ಎಂದರೆ ತಮಗೆ ಪ್ರಾಣ ಎಂದೂ ಮುಚ್ಚಿಟ್ಟಿಲ್ಲ. ಹಾಗಾಗಿ ಅವರ ತೀರ್ಪನ್ನು ತೂಗಿ ನೋಡಲು ನಮಗೆ ಸಾಧ್ಯ. ಅವರ ಅಳತೆಗೋಲು ಅವರದ್ದು. ನಮ್ಮ ಅಳತೆಗೋಲನ್ನು ನಾವೇ ಮಾಡಿಕೊಳ್ಳಬೇಕು.

ಅದಕ್ಕೇ ನನ್ನದೊಂದು ಕೋರಿಕೆ ಇದೆ. ಕನ್ನಡ ಸಂಘದವರಿಗೆ, ಲೈಬ್ರರಿಗೆ, ಪ್ರಾಂಶುಪಾಲರಿಗೆ. ನಮ್ಮ ಕಾಲೇಜಿನದ್ದೇ ಒಂದು ಧ್ವನಿ ವಿಮರ್ಶೆ ಆರಂಭಿಸೋಣ. ಸ್ಟುಡಿಯೋ ಬೇಡ, ಒಂದು ಫೋನ್, ಒಂದು ಖಾಲಿ ಕೋಣೆ ಸಾಕು. ತಿಂಗಳಿಗೆ ಎರಡು ಪುಸ್ತಕ, ಒಂದೊಂದಕ್ಕೆ ಏಳು ನಿಮಿಷ. ನಿಯಮಗಳು ಮಾತ್ರ ಗಟ್ಟಿಯಾಗಿರಲಿ. ಪುಸ್ತಕದ ಚೀಟಿಯಲ್ಲಿ ಮಾತನಾಡುವವರ ದಿನಾಂಕ ಇರಬೇಕು. ಪುಸ್ತಕದ ಒಂದು ಪ್ಯಾರಾವನ್ನಾದರೂ ಓದಿ ಹೇಳಬೇಕು. ಇಷ್ಟವಾಗದ ಒಂದು ಸಂಗತಿಯನ್ನಾದರೂ ಕಾರಣ ಸಹಿತ ಹೇಳಬೇಕು. ಕೊನೆಯನ್ನು ಬಿಟ್ಟುಕೊಡಬಾರದು. ಬರೆದವರು ನಮ್ಮವರು ಎಂದು ಹೊಗಳಬಾರದು, ನಮ್ಮವರು ಎಂದು ಮುನಿಯಲೂಬಾರದು.

ಆರಂಭಕ್ಕೆ ಪುಸ್ತಕಗಳು ಬೇಕಾದಷ್ಟಿವೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರ ಆತ್ಮಕಥನ 'ಹೊತ್ತು ಕಂತುವ ಮುನ್ನ' ಇದೆ. ಬೊಳುವಾರು ಮಹಮದ್ ಕುಂಞಿ ಅವರ ಕಾದಂಬರಿ 'ಸ್ವಾತಂತ್ರ್ಯದ ಓಟ' ಇದೆ. 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ದಪ್ಪ ಪುಸ್ತಕ, ಇಬ್ಬರು ಹಂಚಿಕೊಂಡು ಓದಬಹುದು. ಮೆಹರುನ್ ಕತೆಯಂತೂ ಇದ್ದೇ ಇದೆ.

ಕೊನೆಯದಾಗಿ ಒಂದು ಬಾಕಿ ಇದೆ. ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದದ್ದು ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿಗೆ. ಅವಳು ಮಾತಿನ ನಡುವೆ ಎರಡು ಸಲ ನಿಂತಳು. ಪುಸ್ತಕದಲ್ಲಿ ಗುರುತಿಟ್ಟ ಪುಟ ಹುಡುಕಲು ಸಮಯ ಹೋಯಿತು, ಗಂಟೆ ಬಾರಿಸಿದಾಗ ಮಾತು ಅರ್ಧದಲ್ಲಿತ್ತು. ನಾವು ಕೆಲವರು ನಕ್ಕೆವು. ಅವಳಿಗೆ ಹುಡುಕಲು ಒಂದು ಪುಟವಾದರೂ ಇತ್ತು ಎಂದು ಈಗ ಅನಿಸುತ್ತದೆ. ಸಂಘದ ಸರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ, ಬಹುಮಾನ ಅವಳಿಗೆ ಸೇರಬೇಕು ಎಂದೆ. ಅವರು, "ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಇದನ್ನೆಲ್ಲ ಬರೆದು ಕೊಡು" ಎಂದರು. ಬರೆದಿದ್ದೇನೆ.

'ಹಾರ್ಟ್ ಲ್ಯಾಂಪ್' ಪುಸ್ತಕವನ್ನು ಸೋಮವಾರ ಲೈಬ್ರರಿಗೆ ಮರಳಿಸಿದೆ. ಚೀಟಿಯಲ್ಲಿ ಈಗ ಒಂದು ದಿನಾಂಕ ಇದೆ. ಎರಡನೆಯದಕ್ಕೆ ಜಾಗ ಖಾಲಿ ಇದೆ.